ರಂಗಕೇಂದ್ರದ ಸಾರಥ್ಯ: ಕಟ್ಟಡ, ಕಾಲ ಮತ್ತು ಕಲಾವಿದ

ಹೊರನಾಡಿನ ಕನ್ನಡ ಸಂಘಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಘಟನೆಗಳಿಗೆ ಹೆಚ್ಚಿನ ಪುಟಗಳನ್ನು ಮೀಸಲಿಡುತ್ತಾರೆ. ಒಂದು, ಸಂಘದ ಸ್ಥಾಪನೆ. ಇನ್ನೊಂದು, ಸ್ವಂತ ಕಟ್ಟಡದ ಉದ್ಘಾಟನೆ. 1926ರಲ್ಲಿ ಹುಟ್ಟಿದ ಮುಂಬಯಿಯ ಮೈಸೂರು ಅಸೋಸಿಯೇಷನ್, 1933ರಲ್ಲಿ ಹುಟ್ಟಿದ ಅದೇ ನಗರದ ಕರ್ನಾಟಕ ಸಂಘ, ದೆಹಲಿಯ ಕರ್ನಾಟಕ ಸಂಘ ಇವೆಲ್ಲ ಪರನಾಡಿನಲ್ಲಿ ಸ್ವಂತ ಸಭಾಗೃಹವನ್ನು ಹೊಂದುವ ಮಟ್ಟಕ್ಕೆ ಬೆಳೆದದ್ದು ಸಾಮಾನ್ಯ ಸಾಧನೆಯೇನಲ್ಲ. ಆದರೆ ಉದ್ಘಾಟನೆಯ ಮರುದಿನದಿಂದ ಇಂಥ ವೇದಿಕೆಯೊಂದರ ಮೇಲೆ ಏನು ನಡೆಯಬೇಕು, ವರ್ಷದ 365 ದಿನಗಳನ್ನು ಯಾರಿಗೆ ಯಾವ ನ್ಯಾಯದಿಂದ ಹಂಚಬೇಕು, ಆ ನಿರ್ಧಾರವನ್ನು ಕೈಗೊಳ್ಳುವವರು ಯಾರು ಎಂಬ ಪ್ರಶ್ನೆಗಳು ಕಟ್ಟಡ ನಿಧಿಯ ವಿವರಗಳಷ್ಟು ಚರ್ಚೆಗೆ ಬಂದಿಲ್ಲ. ಸಭಾಗೃಹವೊಂದು ಕಲಾಕೇಂದ್ರವಾಗುವುದು ಅಥವಾ ಬರಿಯ ಬಾಡಿಗೆಯ ಜಾಗವಾಗಿ ಉಳಿಯುವುದು ಈ ಪ್ರಶ್ನೆಗಳ ಉತ್ತರವನ್ನು ಅವಲಂಬಿಸಿದೆ.

ಪ್ರದರ್ಶನ ಕಲೆಯ ಸಂಸ್ಥೆಯನ್ನು ನಡೆಸುವವನ ಕೆಲಸವೆಂದರೆ ಹಣ ಕೂಡಿಸುವುದು, ಸಿಬ್ಬಂದಿಯನ್ನು ನೋಡಿಕೊಳ್ಳುವುದು, ಅತಿಥಿಗಳನ್ನು ಬರಮಾಡಿಕೊಳ್ಳುವುದು ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಇವು ಅಗತ್ಯವೇ. ಆದರೆ ಗ್ರಂಥಾಲಯದ ಅಥವಾ ವಸ್ತುಸಂಗ್ರಹಾಲಯದ ಆಡಳಿತಕ್ಕೂ ರಂಗಕೇಂದ್ರದ ಆಡಳಿತಕ್ಕೂ ಮೂಲಭೂತವಾದ ಒಂದು ವ್ಯತ್ಯಾಸವಿದೆ. ಪುಸ್ತಕವನ್ನು, ಶಿಲ್ಪವನ್ನು ಕಾಪಾಡಿ ಇಡಬಹುದು, ಆಟವನ್ನು ಇಡಲಾಗದು. ಅದು ಕಾಲದಲ್ಲಿ ಹುಟ್ಟಿ ಕಾಲದಲ್ಲೇ ಮುಗಿಯುತ್ತದೆ. ಆದುದರಿಂದ ಅಂಥ ಕೇಂದ್ರದ ಸಾರಥಿ ಕಾಯಬೇಕಾದ ಮುಖ್ಯ ಸಂಪತ್ತು ಕಾಲವೇ ಆಗಿದೆ. ಈ ಕಾಲಕ್ಕೆ ಮೂರು ಮುಖಗಳು: ಪ್ರದರ್ಶನಗಳಿಗೆ ಹಂಚಿಕೆಯಾಗುವ ವರ್ಷದ ದಿನಗಳು, ತಾಲೀಮಿಗೂ ರಂಗಸಜ್ಜಿಕೆಗೂ ಬೇಕಾದ ದಿನದ ಗಂಟೆಗಳು, ಕಲಾವಿದನ ಹಾಗೂ ಸಂಸ್ಥೆಯ ಆಯುಸ್ಸು. ಈ ಮೂರನ್ನೂ ಕೆಲವು ಸಂಸ್ಥೆಗಳು ನಿಭಾಯಿಸಿದ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಕಂಪನಿ ಮತ್ತು ಮೇಳ

ಕನ್ನಡಕ್ಕೆ ಈ ವಿಷಯ ಹೊಸದಲ್ಲ. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ವೀರಣ್ಣನವರು ಕಟ್ಟಿ ಬೆಳೆಸಿದ ರೀತಿ ಆಡಳಿತದ ದೃಷ್ಟಿಯಿಂದಲೂ ಅಧ್ಯಯನಯೋಗ್ಯವಾಗಿದೆ. ಕಂಪನಿಯಲ್ಲಿ ಮಾಲೀಕನೇ ನಟ, ಮಾಲೀಕನೇ ವ್ಯವಸ್ಥಾಪಕ. ಯಾವ ಊರಿನಲ್ಲಿ ಎಷ್ಟು ದಿನ ಬಿಡಾರ ಹೂಡಬೇಕು, ಯಾವ ನಾಟಕವನ್ನು ಯಾವ ವಾರ ಆಡಬೇಕು, ಕಲೆಕ್ಷನ್ ಇಳಿದಾಗ ಯಾವ ಹಳೆಯ ನಾಟಕವನ್ನು ಮತ್ತೆ ಎತ್ತಬೇಕು ಎಂಬ ನಿರ್ಣಯಗಳೆಲ್ಲ ಒಬ್ಬನ ತಲೆಯಲ್ಲಿ ನಡೆಯುತ್ತಿದ್ದವು. ಕಲಾವಿದರು ಒಂದೇ ಬಿಡಾರದಲ್ಲಿ ಉಂಡು, ಅಲ್ಲೇ ಕಲಿತು, ಅಲ್ಲೇ ಅಭಿನಯಿಸುತ್ತಿದ್ದುದರಿಂದ ತಾಲೀಮಿಗೆ ಬೇರೆ ಸಮಯವನ್ನು ಹುಡುಕಬೇಕಾಗಿರಲಿಲ್ಲ. ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಂದೇ: ಎಲ್ಲವೂ ಮಾಲೀಕನನ್ನು ನೆಚ್ಚಿಕೊಂಡಿತ್ತು.

ಕರಾವಳಿಯ ಯಕ್ಷಗಾನ ಮೇಳಗಳದು ಇದಕ್ಕಿಂತ ಭಿನ್ನವಾದ ಕ್ರಮ. ಮೇಳದ ತಿರುಗಾಟಕ್ಕೆ ಪಂಚಾಂಗವೇ ಆಧಾರ. ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಹೊರಟ ಮೇಳ ಮೇ ತಿಂಗಳ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತದೆ. ಕಟೀಲಿನಂಥ ಕ್ಷೇತ್ರದ ಮೇಳಗಳಲ್ಲಿ ಹರಕೆಯ ಆಟಕ್ಕೆ ಭಕ್ತರು ವರ್ಷಗಟ್ಟಲೆ ಮುಂಚಿತವಾಗಿ ಹೆಸರು ಬರೆಸಿ ತಮ್ಮ ಸರದಿಗಾಗಿ ಕಾಯುತ್ತಾರೆ. ಮಳೆಗಾಲದಲ್ಲಿ ಬಿಡುವಾದ ಕಲಾವಿದರ ತಂಡಗಳು ಮುಂಬಯಿಯ ಸಭಾಗೃಹಗಳಿಗೆ ಬರುವ ರೂಢಿಯೂ ಇದೇ ಲೆಕ್ಕಾಚಾರದಿಂದ ಹುಟ್ಟಿದ್ದು. ದಿನವನ್ನು ಮೊದಲು ಗೊತ್ತುಮಾಡಿ, ಆ ಮೇಲೆ ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸುವ ಈ ಪದ್ಧತಿಯೇ ಮೇಳಗಳನ್ನು ಮಾಲೀಕರ ಏರಿಳಿತಗಳ ನಡುವೆಯೂ ಉಳಿಸಿತು ಎಂಬುದು ಗಮನಾರ್ಹ.

2. ಮುಂಬಯಿಯ ಮೂರು ಮಾದರಿಗಳು

ಆಧುನಿಕ ನಗರದ ರಂಗಕೇಂದ್ರಕ್ಕೆ ಮುಂಬಯಿ ಮೂರು ಬಗೆಯ ಮಾದರಿಗಳನ್ನು ಒದಗಿಸಿದೆ. ಮೊದಲನೆಯದು 1969ರಲ್ಲಿ ಕೆಲಸ ಆರಂಭಿಸಿದ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ. ಜೆ.ಆರ್.ಡಿ. ಟಾಟಾ ಅವರ ಬೆಂಬಲದಿಂದ ಜಮ್ಷೆಡ್ ಭಾಭಾ ಕಟ್ಟಿದ ಈ ಸಂಸ್ಥೆಯ ಟಾಟಾ ರಂಗಮಂದಿರ ನರಿಮನ್ ಪಾಯಿಂಟಿನಲ್ಲಿ 1980ರಲ್ಲಿ ತೆರೆಯಿತು. ಸುಮಾರು 1,000 ಆಸನಗಳ ಈ ಮಂದಿರದ ಜೊತೆಗೆ 1986ರಲ್ಲಿ ಸುಮಾರು 300 ಆಸನಗಳ ಪ್ರಾಯೋಗಿಕ ರಂಗಮಂದಿರವೂ ಸೇರಿತು. ದೊಡ್ಡ ದತ್ತಿಯ ಬಲವಿರುವ ಇಂಥ ಕೇಂದ್ರ ಸಂಗೀತ, ನೃತ್ಯ, ನಾಟಕಗಳಿಗೆ ಬೇರೆ ಬೇರೆ ವಿಭಾಗಗಳನ್ನು ಇಟ್ಟುಕೊಳ್ಳಬಲ್ಲುದು. ತಾನೇ ಕಾರ್ಯಕ್ರಮಗಳನ್ನು ರೂಪಿಸಬಲ್ಲುದು.

ಎರಡನೆಯದು ದಾದರಿನ ಛಬಿಲದಾಸ್ ಶಾಲೆಯ ಸಭಾಗೃಹ. ಆವಿಷ್ಕಾರ್ ತಂಡ 1974ರಿಂದ ಅಲ್ಲಿ ನಡೆಸಿದ ಪ್ರಯೋಗಗಳು ಮರಾಠಿ ಸಮಾನಾಂತರ ರಂಗಭೂಮಿಗೆ ಒಂದು ನೆಲೆಯನ್ನೇ ಕಲ್ಪಿಸಿದವು. ಅದು ರಂಗಮಂದಿರವಾಗಿ ಕಟ್ಟಿದ ಜಾಗವಲ್ಲ. ಆದರೂ ಅಲ್ಲಿಗೆ ಹೋದರೆ ಹೊಸ ನಾಟಕ ನೋಡಸಿಗುತ್ತದೆ ಎಂಬ ಭರವಸೆ ಪ್ರೇಕ್ಷಕರಲ್ಲಿ ಬೇರೂರಿತು. ಕಟ್ಟಡವಿಲ್ಲದೆಯೂ ಕೇಂದ್ರವೊಂದು ಇರಬಲ್ಲುದು. ಗೊತ್ತಾದ ದಿನಗಳಿಲ್ಲದೆ ಇರಲಾರದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಮೂರನೆಯದು ಜುಹುವಿನ ಪೃಥ್ವಿ ಥಿಯೇಟರ್. ಪೃಥ್ವಿರಾಜ್ ಕಪೂರರು 1944ರಲ್ಲಿ ಕಟ್ಟಿ 1960ರವರೆಗೆ ಊರೂರು ಸುತ್ತಿಸಿದ ಹಿಂದಿ ನಾಟಕ ಕಂಪನಿಗೆ ಸ್ವಂತ ಮಂದಿರವಿರಲಿಲ್ಲ. ಅವರ ನೆನಪಿನಲ್ಲಿ ಶಶಿ ಕಪೂರ್ ಮತ್ತು ಜೆನಿಫರ್ ದಂಪತಿಗಳು 1978ರ ನವೆಂಬರಿನಲ್ಲಿ ಈ ಪುಟ್ಟ ಮಂದಿರವನ್ನು ತೆರೆದರು. ಆಸನಗಳು ಸುಮಾರು 200. ಮೂರು ಕಡೆಯಿಂದ ಪ್ರೇಕ್ಷಕರು ಸುತ್ತುವರಿಯುವ ರಂಗ. ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ನಾಟಕ.

ಈ ಗಾತ್ರದ ಆಯ್ಕೆಯಲ್ಲಿ ಒಂದು ಆಡಳಿತ ತತ್ತ್ವ ಅಡಗಿದೆ. 1,000 ಆಸನಗಳ ಮಂದಿರದಲ್ಲಿ 100 ಜನ ಕುಳಿತರೆ ನಟನಿಗೆ ಕಾಣುವುದು 900 ಖಾಲಿ ಕುರ್ಚಿಗಳು. 200 ಆಸನಗಳ ಮಂದಿರದಲ್ಲಿ ಅದೇ 100 ಜನ ಅರ್ಧ ಸಭೆಯಾಗುತ್ತಾರೆ. ದೊಡ್ಡ ಮಂದಿರದ ದೀಪ, ಗಾಳಿ, ಗುಡಿಸುವಿಕೆಗಳ ಖರ್ಚು ಪ್ರೇಕ್ಷಕರ ಸಂಖ್ಯೆಯನ್ನು ನೋಡಿ ಇಳಿಯುವುದಿಲ್ಲ. ಆ ಖರ್ಚನ್ನು ತುಂಬಲು ಬಾಡಿಗೆ ಏರುತ್ತದೆ. ಬಾಡಿಗೆ ಏರಿದಂತೆ ಹೊಸ ತಂಡಗಳು ದೂರ ಸರಿಯುತ್ತವೆ. ಕೊನೆಗೆ ವೇದಿಕೆ ಸನ್ಮಾನ ಸಮಾರಂಭಗಳ ಪಾಲಾಗುತ್ತದೆ. ಸಣ್ಣ ಮಂದಿರದಲ್ಲಿ ಒಂದೇ ನಾಟಕವನ್ನು ಹತ್ತು ಸಲ ಆಡಬಹುದು. ಹತ್ತು ಸಲ ಆಡಿದ ನಾಟಕ ಪಕ್ವವಾಗುತ್ತದೆ. ಅದರ ಸುದ್ದಿ ಬಾಯಿಂದ ಬಾಯಿಗೆ ಹರಡಲು ಅವಕಾಶ ಸಿಗುತ್ತದೆ. ಒಂದೇ ಒಂದು ಪ್ರಯೋಗಕ್ಕೆ ಸೀಮಿತವಾದ ನಾಟಕಕ್ಕೆ ಈ ಎರಡು ಭಾಗ್ಯಗಳೂ ಇಲ್ಲ.

3. ರಂಗಶಂಕರ: ನಿಯಮವೇ ನಾಯಕ

ಮುಂಬಯಿಯ ಈ ಅನುಭವ ಕನ್ನಡ ನೆಲಕ್ಕೆ ತಲುಪಿದ ದಾರಿ ಸ್ವಾರಸ್ಯಕರವಾಗಿದೆ. ಹೊನ್ನಾವರದ ಶಂಕರ್ ನಾಗ್ ತಾರುಣ್ಯದಲ್ಲಿ ಮುಂಬಯಿಗೆ ಬಂದು ಮರಾಠಿ ರಂಗಭೂಮಿಯಲ್ಲಿ ಪಳಗಿದವರು; ಅರುಂಧತಿ ನಾಗ್ ಅದೇ ನಗರದ ರಂಗಭೂಮಿಯಲ್ಲಿ ಬೆಳೆದವರು. ಇಬ್ಬರೂ ಬೆಂಗಳೂರಿಗೆ ಬಂದು ಸಂಕೇತ್ ತಂಡದ ಮೂಲಕ ನಾಟಕಗಳನ್ನಾಡಿದರು. ಬೆಂಗಳೂರಿನಲ್ಲಿ 1963ರಿಂದಲೂ ರವೀಂದ್ರ ಕಲಾಕ್ಷೇತ್ರವಿತ್ತು. ಆದರೆ ದೊಡ್ಡ ಗಾತ್ರದ ಆ ಮಂದಿರ ನಾಟಕಕ್ಕಷ್ಟೇ ಮೀಸಲಾದುದಲ್ಲ. ಸಭೆ, ಸಮಾರಂಭ, ಪ್ರಶಸ್ತಿ ಪ್ರದಾನಗಳೂ ಅಲ್ಲೇ ನಡೆಯಬೇಕು. ನಾಟಕದವರಿಗಾಗಿಯೇ ಒಂದು ಮಂದಿರ ಬೇಕೆಂಬುದು ಶಂಕರ್ ನಾಗ್ ಅವರ ಕನಸಾಗಿತ್ತು. ಅವರು 1990ರ ಸೆಪ್ಟೆಂಬರಿನಲ್ಲಿ ಅಪಘಾತದಲ್ಲಿ ತೀರಿಕೊಂಡರು. ಕನಸು ನನಸಾಗಲು ಮತ್ತೆ 14 ವರ್ಷಗಳು ಬೇಕಾದವು. ಸಂಕೇತ್ ಟ್ರಸ್ಟಿನ ಮೂಲಕ, ಸರ್ಕಾರ ಒದಗಿಸಿದ ನಿವೇಶನದಲ್ಲಿ, ದಾನಿಗಳಿಂದ ಹಣ ಕೂಡಿಸಿ ಅರುಂಧತಿ ನಾಗ್ ಕಟ್ಟಿದ ರಂಗಶಂಕರ 2004ರ ಅಕ್ಟೋಬರಿನಲ್ಲಿ ಜೆ.ಪಿ. ನಗರದಲ್ಲಿ ತೆರೆಯಿತು.

ರಂಗಶಂಕರದ ಯಶಸ್ಸನ್ನು ವ್ಯಕ್ತಿಯ ಛಲಕ್ಕೆ ಮಾತ್ರ ಸಲ್ಲಿಸಿದರೆ ಅದರ ಮುಖ್ಯ ಪಾಠ ತಪ್ಪಿಹೋಗುತ್ತದೆ. ಆರಂಭದಿಂದಲೇ ಅದು ಕೆಲವು ನಿಯಮಗಳನ್ನು ತನ್ನ ಮೇಲೆ ತಾನೇ ಹೇರಿಕೊಂಡಿತು. ಮಂದಿರ ನಾಟಕಕ್ಕೇ ಮೀಸಲು. ದಿನಕ್ಕೊಂದು ನಾಟಕ ಎಂಬುದು ಗುರಿ. ಸಣ್ಣ ತಂಡಗಳಿಗೂ ಎಟಕುವ ಬಾಡಿಗೆ. ಗೊತ್ತಾದ ವೇಳೆಗೆ ಆಟ ಆರಂಭ. ತಡವಾಗಿ ಬಂದವರಿಗೆ, ಅವರು ಯಾರೇ ಆಗಿರಲಿ, ಪ್ರವೇಶವಿಲ್ಲ. ಈ ಕೊನೆಯ ನಿಯಮ ಮೇಲುನೋಟಕ್ಕೆ ಬಿಗಿಯಾಗಿ ತೋರಿದರೂ ಅದರ ಅರ್ಥ ಆಳವಾದುದು. ಮುಖ್ಯ ಅತಿಥಿ ಬರುವವರೆಗೆ ಪರದೆ ಏಳದಿರುವ ನಮ್ಮ ಸಭಾಸಂಪ್ರದಾಯದಲ್ಲಿ ನಟನ ಕಾಲಕ್ಕೆ ಬೆಲೆಯಿಲ್ಲ. ವೇಳೆಗೆ ಸರಿಯಾಗಿ ಬಂದ ಪ್ರೇಕ್ಷಕನ ಕಾಲಕ್ಕೂ ಬೆಲೆಯಿಲ್ಲ. ಬಾಗಿಲು ಮುಚ್ಚುವ ನಿಯಮ ಈ ಎರಡಕ್ಕೂ ಬೆಲೆಯನ್ನು ತಂದುಕೊಟ್ಟಿತು. ನಿಯಮ ಎಲ್ಲರಿಗೂ ಒಂದೇ ಎಂದು ತಿಳಿದ ಮೇಲೆ ಯಾರೂ ಸಾರಥಿಯ ಮೇಲೆ ವೈಯಕ್ತಿಕವಾಗಿ ಮುನಿಸಿಕೊಳ್ಳುವ ಕಾರಣವಿರುವುದಿಲ್ಲ. ದಿನಗಳ ಹಂಚಿಕೆಯಲ್ಲಿಯೂ ಇದೇ ಮಾತು ಸಲ್ಲುತ್ತದೆ. ಶನಿವಾರ, ಭಾನುವಾರಗಳು ಬೇಡಿಕೆಯ ದಿನಗಳು. ಅವು ಪ್ರಭಾವಿಗಳಿಗೇ ಸಲ್ಲುತ್ತವೆ ಎಂಬ ಸಂಶಯ ಒಮ್ಮೆ ಹುಟ್ಟಿತೆಂದರೆ ಯಾವ ಕೇಂದ್ರಕ್ಕೂ ಕಲಾವಿದರ ವಿಶ್ವಾಸ ಮರಳಿ ದಕ್ಕುವುದು ಕಷ್ಟ.

4. ಕಾರಂತರ ಮೂರು ಮನೆಗಳು

ಮಂದಿರವನ್ನು ನಡೆಸುವುದು ಒಂದು ಬಗೆಯಾದರೆ, ಸಂಬಳ ಪಡೆಯುವ ಕಲಾವಿದರ ಮಂಡಳಿಯನ್ನು, ಅಂದರೆ ರೆಪರ್ಟರಿಯನ್ನು, ನಡೆಸುವುದು ಇನ್ನೂ ಜಟಿಲವಾದುದು. ಇಲ್ಲಿ ಕಾಯಬೇಕಾದುದು ವರ್ಷದ ದಿನಗಳಿಗಿಂತ ಹೆಚ್ಚಾಗಿ ದಿನದ ಗಂಟೆಗಳನ್ನು. ಈ ಕ್ಷೇತ್ರದಲ್ಲಿ ಬಿ.ವಿ. ಕಾರಂತರಷ್ಟು ವಿಸ್ತಾರವಾದ ಅನುಭವವಿದ್ದ ಕನ್ನಡಿಗರು ವಿರಳ. ಬಂಟ್ವಾಳ ತಾಲೂಕಿನ ಬಾಬುಕೋಡಿಯಿಂದ ಹೊರಟು, ಗುಬ್ಬಿ ಕಂಪನಿಯಲ್ಲಿ ಬೆಳೆದು, ವೀರಣ್ಣನವರ ನೆರವಿನಿಂದ ಕಾಶಿಯಲ್ಲಿ ಓದಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಶಿಕ್ಷಣ ಪಡೆದ ಅವರು ಮುಂದೆ ಮೂರು ರಾಜ್ಯಾಶ್ರಿತ ಸಂಸ್ಥೆಗಳ ಚುಕ್ಕಾಣಿ ಹಿಡಿದರು.

ಇಬ್ರಾಹಿಂ ಅಲ್ಕಾಜಿಯವರ 15 ವರ್ಷಗಳ ಸಾರಥ್ಯದ ತರುವಾಯ 1977ರಲ್ಲಿ ಕಾರಂತರು ನಾಟಕ ಶಾಲೆಯ ನಿರ್ದೇಶಕರಾದರು. ಅಲ್ಕಾಜಿಯವರು ಶಿಸ್ತು, ರಂಗತಂತ್ರ, ಶಾಸ್ತ್ರೀಯ ಪಠ್ಯಕ್ರಮಗಳ ಅಡಿಪಾಯ ಹಾಕಿದ್ದರು. ಕಾರಂತರು ಆ ಶಾಲೆಯ ಕಿಟಕಿಗಳನ್ನು ದೇಶದ ಕಡೆಗೆ ತೆರೆದರು. ಶಾಲೆಯನ್ನು ದೆಹಲಿಯಿಂದಾಚೆಗೆ ಒಯ್ದು ಪ್ರಾದೇಶಿಕ ಭಾಷೆಗಳಲ್ಲಿ ಶಿಬಿರ ನಡೆಸುವ ವಿಸ್ತರಣ ಕಾರ್ಯಕ್ರಮ ಆರಂಭವಾದದ್ದು ಅವರ ಕಾಲದಲ್ಲಿ. ಹಿಂದಿ ಮ್ಯಾಕ್‌ಬೆತ್ ಆದ ‘ಬರ್ನಮ್ ವನ’ಕ್ಕೆ ಅವರು ಯಕ್ಷಗಾನದ ಚಲನೆಗಳನ್ನು ಬಳಸಿದರು. ಹೊಸ ಸಾರಥಿ ಹಳೆಯ ಅಡಿಪಾಯವನ್ನು ಕೀಳದೆ ಅದರ ಮೇಲೆ ಬೇರೊಂದು ಅಂತಸ್ತನ್ನು ಕಟ್ಟಬಹುದೆಂಬುದಕ್ಕೆ ಇದು ನಿದರ್ಶನವಾಗಿದೆ.

1982ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಭೋಪಾಲದ ಭಾರತ್ ಭವನದಲ್ಲಿ ಕಾರಂತರಿಗೆ ದೊರೆತ ವ್ಯವಸ್ಥೆ ಬೇರೆಯದು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ರೂಪಿಸಿದ ಆ ಸಂಕೀರ್ಣದಲ್ಲಿ ಚಿತ್ರಕಲೆಯ ವಿಭಾಗ ಜೆ. ಸ್ವಾಮಿನಾಥನ್ ಅವರದು, ರಂಗಮಂಡಲ ಕಾರಂತರದು. ಕವಿಯೂ ಆಡಳಿತಾಧಿಕಾರಿಯೂ ಆಗಿದ್ದ ಅಶೋಕ್ ವಾಜಪೇಯಿ ಇಡೀ ಸಂಸ್ಥೆಯ ಬೆನ್ನಿಗಿದ್ದರು. ಕಡತವನ್ನೂ ಕಲೆಯನ್ನೂ ಬಲ್ಲವರೊಬ್ಬರು ಸರ್ಕಾರದೊಂದಿಗೆ ವ್ಯವಹರಿಸುತ್ತಿದ್ದುದರಿಂದ ಕಲಾವಿಭಾಗಗಳ ಮುಖ್ಯಸ್ಥರು ತಮ್ಮ ಹೊತ್ತನ್ನು ಕಲೆಗೆ ಕೊಡಬಹುದಾಗಿತ್ತು. ಬುಂದೇಲಿ, ಮಾಳವಿ, ಛತ್ತೀಸಗಢಿ ನುಡಿಗಳನ್ನು ಕಾರಂತರು ರಂಗದ ಮೇಲೆ ತಂದದ್ದು ಇಂಥ ಅವಕಾಶದ ಫಲ. 1986ರಲ್ಲಿ ಅವರ ಭೋಪಾಲದ ಅವಧಿ ಕಹಿಯಲ್ಲಿ ಮುಗಿಯಿತು. ಅದರ ವಿವರ ಇಲ್ಲಿ ಪ್ರಸ್ತುತವಲ್ಲ. ಆಡಳಿತದ ದೃಷ್ಟಿಯಿಂದ ಗಮನಿಸಬೇಕಾದುದು ಬೇರೊಂದು. ವ್ಯಕ್ತಿಗಳ ಹೊಂದಾಣಿಕೆಯ ಮೇಲೆ ನಿಂತ ವ್ಯವಸ್ಥೆ, ಆ ವ್ಯಕ್ತಿಗಳು ಒಬ್ಬೊಬ್ಬರಾಗಿ ತೆರಳಿದಂತೆ, ಸಡಿಲವಾಯಿತು.

ಮೂರನೆಯ ಮನೆ ಮೈಸೂರಿನ ರಂಗಾಯಣ. ಕರ್ನಾಟಕ ಸರ್ಕಾರ 1989ರಲ್ಲಿ ಸ್ಥಾಪಿಸಿದ ಈ ರೆಪರ್ಟರಿಯ ಮೊದಲ ನಿರ್ದೇಶಕರಾಗಿ ಕಾರಂತರು 1995ರವರೆಗೆ ದುಡಿದರು. ರಂಗಭೂಮಿಯನ್ನೇ ಪೂರ್ಣಕಾಲದ ಬದುಕಾಗಿಸಿಕೊಳ್ಳಲು ಕನ್ನಡದ ಯುವಕ ಯುವತಿಯರಿಗೆ ಸರ್ಕಾರದ ಆಶ್ರಯದಲ್ಲಿ ಅವಕಾಶ ದೊರೆತದ್ದು ಒಂದು ಹೊಸ ಪ್ರಯೋಗವಾಗಿತ್ತು. ದೈಹಿಕ ವ್ಯಾಯಾಮ, ಸಂಗೀತ, ಸಮರಕಲೆ, ಪಠ್ಯದ ಓದು, ಸಂಜೆಯ ತಾಲೀಮು ಇವೆಲ್ಲ ಸೇರಿ ರೆಪರ್ಟರಿ ನಟನ ದಿನವಾಗುತ್ತದೆ. ಈ ದಿನವನ್ನು ಕಚೇರಿಯ ಹಾಜರಿ ಪುಸ್ತಕದ ಅಳತೆಗೆ ಹೊಂದಿಸುವುದು ಸುಲಭವಲ್ಲ. ನಟ ನೇಪಥ್ಯದಲ್ಲಿ ಕಳೆಯುವ ರಾತ್ರಿ ಹನ್ನೊಂದರ ಗಂಟೆ ಕಚೇರಿಯ ಲೆಕ್ಕದಲ್ಲಿ ಕಾಣುವುದಿಲ್ಲ. ಹೊಸ ನಾಟಕಕ್ಕಾಗಿ ಎರಡು ತಿಂಗಳು ನಡೆಯುವ ತಾಲೀಮು ಲೆಕ್ಕಪರಿಶೋಧಕನ ಕಣ್ಣಿಗೆ ಫಲವಿಲ್ಲದ ಅವಧಿಯಾಗಿ ತೋರುತ್ತದೆ. ನಿರ್ದೇಶಕನ ಅರ್ಧ ಶಕ್ತಿ ಈ ಎರಡು ಲೆಕ್ಕಗಳ ನಡುವಿನ ದುಭಾಷಿತನದಲ್ಲಿ ವ್ಯಯವಾಗುತ್ತದೆ.

5. ಆಯುಸ್ಸಿನ ಪ್ರಶ್ನೆ

ಕಾಲದ ಮೂರನೆಯ ಮುಖ ಆಯುಸ್ಸು. ರೆಪರ್ಟರಿಯಲ್ಲಿ ಇಪ್ಪತ್ತರ ಹರೆಯದವರನ್ನು ಒಂದೇ ವರ್ಷ ತೆಗೆದುಕೊಂಡು ಖಾಯಂ ನೌಕರಿಯನ್ನು ಕೊಟ್ಟರೆ ಅವರೆಲ್ಲ ಒಟ್ಟಿಗೇ ನಡುವಯಸ್ಸಿಗೆ ಬರುತ್ತಾರೆ. ಅನುಭವ ಹೆಚ್ಚುತ್ತದೆ, ನಿಜ. ಆದರೆ ತರುಣ ಪಾತ್ರಗಳಿಗೆ ತರುಣರಿರುವುದಿಲ್ಲ. ಖಾಯಂ ನೌಕರಿಯನ್ನು ಕೊಡದಿದ್ದರೆ ಕಲಾವಿದನ ಬಾಳಿಗೆ ಭದ್ರತೆಯಿಲ್ಲ. ಸರ್ಕಾರಿ ಆಶ್ರಯದ ಯಾವ ರೆಪರ್ಟರಿಗೂ ತಪ್ಪದ ಇಕ್ಕಟ್ಟು ಇದು. ಇದಕ್ಕೆ ಹೆಗ್ಗೋಡಿನ ನೀನಾಸಮ್ ಕಂಡುಕೊಂಡ ಪರಿಹಾರ ಬೇರೆ. 1949ರಲ್ಲಿ ಹುಟ್ಟಿದ ಆ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ತಿರುಗಾಟವನ್ನು ಆರಂಭಿಸಿತು. ತಿರುಗಾಟದ ತಂಡ ಪ್ರತಿ ವರ್ಷ ಹೊಸದಾಗಿ ಕೂಡುತ್ತದೆ. ಶಿಕ್ಷಣ ಕೇಂದ್ರದಿಂದ ಹೊರಬಂದವರು ಅದರಲ್ಲಿ ಸೇರುತ್ತಾರೆ. ಊರೂರಿನ ಸಂಘಟಕರು ಆಟಗಳನ್ನು ಏರ್ಪಡಿಸುತ್ತಾರೆ. ಮೇಳದ ತಿರುಗಾಟದ ಹಳೆಯ ಕ್ರಮವೇ ಇಲ್ಲಿ ಹೊಸ ರೂಪ ತಳೆದಂತಿದೆ. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣನವರು 2005ರಲ್ಲಿ ತೀರಿಕೊಂಡ ಮೇಲೆಯೂ ತಿರುಗಾಟ ನಿಲ್ಲದಿರುವುದಕ್ಕೆ ಈ ವಾರ್ಷಿಕ ಕ್ರಮವೇ ಮುಖ್ಯ ಕಾರಣವೆನ್ನಬಹುದು.

ಸಂಸ್ಥಾಪಕರ ನಂತರ ಏನು ಎಂಬ ಪ್ರಶ್ನೆಗೆ ಚೆನ್ನೈಯ ಕಲಾಕ್ಷೇತ್ರ ಮತ್ತೊಂದು ಬಗೆಯ ಉತ್ತರ. 1936ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಸ್ಥಾಪಿಸಿದ ಈ ಸಂಸ್ಥೆ ಅವರ ಬದುಕಿನುದ್ದಕ್ಕೂ ಅವರ ಅಭಿರುಚಿಯ ನೇರ ವಿಸ್ತರಣೆಯಾಗಿತ್ತು. 1986ರಲ್ಲಿ ಅವರು ನಿಧನರಾದರು. 1993ರ ಸಂಸತ್ತಿನ ಕಾಯಿದೆ ಕಲಾಕ್ಷೇತ್ರವನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿ ಅದಕ್ಕೊಂದು ಆಡಳಿತ ಮಂಡಳಿಯನ್ನು ಗೊತ್ತುಮಾಡಿತು. ಕಾಯಿದೆ ಭದ್ರತೆಯನ್ನು ಕೊಡಬಲ್ಲುದು, ಅಭಿರುಚಿಯನ್ನು ಕೊಡಲಾರದು. ಅಭಿರುಚಿ ಇನ್ನೊಬ್ಬರಿಗೆ ದಾಟಬೇಕಾದರೆ ಸಂಸ್ಥಾಪಕರು ಬದುಕಿರುವಾಗಲೇ ನಿರ್ಣಯದ ಹೊಣೆಯನ್ನು ಕಿರಿಯರಿಗೆ ಹಂಚಬೇಕು. ಕಿರಿಯರು ತಪ್ಪು ಮಾಡಿದರೂ ಅದನ್ನು ಸಹಿಸಬೇಕು. ಸಾರಥ್ಯದಲ್ಲಿ ಅತ್ಯಂತ ಕಷ್ಟವಾದ ಭಾಗ ಬಹುಶಃ ಇದೇ.

6. ಹೊರನಾಡಿನ ಸಭಾಗೃಹಕ್ಕೆ

ಈ ಉದಾಹರಣೆಗಳನ್ನು ಹೊರನಾಡಿನ ಕನ್ನಡ ಸಭಾಗೃಹಗಳಿಗೆ ಅನ್ವಯಿಸುವಾಗ ಎಚ್ಚರ ಬೇಕು. ಅವುಗಳ ಹಿಂದೆ ದೊಡ್ಡ ದತ್ತಿಯಿಲ್ಲ, ಸರ್ಕಾರದ ಸಂಬಳವಿಲ್ಲ. ಹಗಲು ದುಡಿದು ಸಂಜೆ ಸಂಘದ ಕೆಲಸಕ್ಕೆ ಬರುವವರು ಅವುಗಳನ್ನು ನಡೆಸುತ್ತಾರೆ. ಮಹಾನಗರದ ತೆರಿಗೆಯನ್ನೂ ವಿದ್ಯುತ್ತಿನ ಬಿಲ್ಲನ್ನೂ ಕಟ್ಟಲು ಸಭಾಗೃಹವನ್ನು ಮದುವೆ, ಮುಂಜಿಗಳಿಗೆ ಕೊಡುವುದು ಅನಿವಾರ್ಯವಾಗುವುದುಂಟು. ಅದನ್ನು ಕೀಳಾಗಿ ಕಾಣಬೇಕಾಗಿಲ್ಲ. ಆದರೆ ಅದರ ಪರಿಣಾಮವನ್ನು ಸ್ಪಷ್ಟವಾಗಿ ತಿಳಿದಿರಬೇಕು. ನಾಟಕದ ದಿನ ಬೆಳಗ್ಗೆ ರಂಗಸಜ್ಜಿಕೆ ಇಳಿಯಬೇಕು, ಮಧ್ಯಾಹ್ನ ಬೆಳಕಿನ ಹೊಂದಾಣಿಕೆ, ಮೂರು ಗಂಟೆಗೆ ತಾಂತ್ರಿಕ ತಾಲೀಮು, ಸಂಜೆ ಆಟ. ಅದೇ ದಿನ ಬೆಳಗಿನ ಸಮಾರಂಭ ಮುಗಿದು ನಾಲ್ಕು ಗಂಟೆಗೆ ವೇದಿಕೆ ತೆರವಾದರೆ ನಾಟಕದವರಿಗೆ ದೊರೆಯುವುದು ವೇದಿಕೆ ಮಾತ್ರ, ರಂಗವಲ್ಲ. ಆ ಸಂಜೆ ಮಾತು ಕೇಳದ, ಬೆಳಕು ತಪ್ಪಿದ ಪ್ರಯೋಗವನ್ನು ಕಂಡು ಕನ್ನಡ ನಾಟಕವೆಂದರೆ ಇಷ್ಟೇ ಎಂದು ಅಲ್ಲಿಯೇ ಹುಟ್ಟಿ ಬೆಳೆದ ತರುಣನೊಬ್ಬ ನಿರ್ಧರಿಸಿ ಎದ್ದುಹೋದರೆ, ಸಂಘ ಕಳೆದುಕೊಂಡದ್ದು ಒಂದು ಟಿಕೆಟ್ಟಿನ ಹಣವನ್ನಲ್ಲ. ಮುಂದಿನ ತಲೆಮಾರಿನ ಒಬ್ಬ ಕನ್ನಡಿಗನನ್ನು.

ಆದುದರಿಂದ ಅಲ್ಪ ಸಂಪನ್ಮೂಲದ ಸಂಘಗಳೂ ಕೈಗೊಳ್ಳಬಹುದಾದ ಕ್ರಮಗಳು ಕೆಲವಿವೆ. ತಿಂಗಳಿನಲ್ಲಿ ಎರಡೇ ದಿನಗಳಾದರೂ ಸರಿ, ಅವುಗಳನ್ನು ಇಡೀ ದಿನ ರಂಗಕ್ಕೆ ಮೀಸಲಿರಿಸಿ, ಎಷ್ಟೇ ಬಾಡಿಗೆ ಬರುವುದಿದ್ದರೂ ಬೇರೆಯವರಿಗೆ ಕೊಡದಿರುವುದು. ಆ ದಿನಗಳು ವರ್ಷವಿಡೀ ಒಂದೇ ವಾರಕ್ಕೆ ಬರುವಂತೆ ಗೊತ್ತುಮಾಡಿ ಪ್ರೇಕ್ಷಕರಲ್ಲಿ ರೂಢಿಯನ್ನು ಬೆಳೆಸುವುದು. ದಿನಗಳ ಹಂಚಿಕೆಯ ನಿಯಮವನ್ನು ಬರೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದು. ಒಂದು ನಾಟಕಕ್ಕೆ ಒಂದರ ಬದಲು ನಾಲ್ಕು ಪ್ರಯೋಗಗಳ ಅವಕಾಶ ಕೊಡುವುದು. ಕಾರ್ಯಕಾರಿ ಸಮಿತಿ ಬದಲಾದರೂ ಬದಲಾಗದ ಒಂದು ಪುಟ್ಟ ಕಲಾಸಮಿತಿಯನ್ನು ನೇಮಿಸಿ ಅದರಲ್ಲಿ ಮೂವತ್ತರೊಳಗಿನವರಿಗೆ ಸ್ಥಾನ ಕಲ್ಪಿಸುವುದು. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಾಗಿಲ್ಲ.

ಹಿಂದಿನ ತಲೆಮಾರಿನ ಹೊರನಾಡಿಗರು ಹೋಟೆಲು, ಗಿರಣಿ, ಕಚೇರಿಗಳ ದುಡಿಮೆಯಿಂದ ಉಳಿಸಿದ ಹಣದಲ್ಲಿ ಇಟ್ಟಿಗೆಗಳನ್ನು ಕೊಂಡರು. ಆ ಇಟ್ಟಿಗೆಗಳ ನಡುವೆ ಇರುವ ಸಂಜೆಗಳನ್ನು ಕಾಯುವ ಹೊಣೆ ಇಂದಿನವರದು. ವರ್ಷದ ಮೊದಲ ದಿನ ಸಂಘದ ಕಚೇರಿಯ ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಲ್ಲಿ ಯಾವ ದಿನಗಳನ್ನು ನಾಟಕಕ್ಕೆಂದು ಗುರುತು ಹಾಕಲಾಗಿದೆ ಎಂಬುದನ್ನು ನೋಡಿದರೆ ಆ ಕಟ್ಟಡದ ಭವಿಷ್ಯವನ್ನು ಬಹುಮಟ್ಟಿಗೆ ಓದಿಬಿಡಬಹುದು.